ಮೇಜಿನ ಮೇಲಿನ ಧ್ವನಿಪೆಟ್ಟಿಗೆ

ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಕ್ಷಸ ತನ್ನ ಜೀವವನ್ನು ಗಿಣಿಯೊಳಗೆ ಬಚ್ಚಿಡುತ್ತಾನೆ. ಗಿಣಿಯನ್ನು ಏಳು ಸಮುದ್ರದಾಚೆಯ ಮರದ ಪೊಟರೆಯಲ್ಲಿ ಇಡುತ್ತಾನೆ. ಕಾಜಾ ಅಕ್ಕನ ಮನೆಯಲ್ಲಿ ಹಾಗೆ ಇಟ್ಟಿದ್ದದ್ದು ಜೀವವನ್ನಲ್ಲ, ದನಿಯನ್ನು. ಇಟ್ಟ ಜಾಗವೂ ಸಮುದ್ರದಾಚೆ ಇರಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಮೇಜಿನ ಮೇಲೆ, ಹಳೇ ಬೆಡ್‌ಶೀಟಿನ ಮುಸುಕು ಹೊದ್ದ ಒಂದು ಕಂಪ್ಯೂಟರಿನೊಳಗೆ ಇತ್ತು.

ಕಾಜಾ ಅಕ್ಕ ಅಂದರೆ ಆ ಬೀದಿಯ ದರ್ಜಿಗಳೆಲ್ಲರ ಅಂಗಿಗಳಿಗೆ ಕಾಜಾ ಹಾಕಿ, ಗುಂಡಿ ಹೊಲಿದುಕೊಡುವವಳು. ಗಂಡ ಬಸ್ ಕಂಡಕ್ಟರ್ ಆಗಿದ್ದವನು. ಅವನು ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ದನಿ ಡ್ರೈವರನ ಕಿವಿ ದಾಟಿ ಮುಂದಿನ ಸ್ಟಾಪಿನವರನ್ನೂ ಎಚ್ಚರಿಸುತ್ತಿತ್ತು. ಅಂಥವನ ಗಂಟಲಿಗೆ ಕಾಯಿಲೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ವೈದ್ಯರು. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವವರು ಒಂದು ದಾರಿ ತೋರಿಸಿದರು. ದನಿ ಇರುವಾಗಲೇ ಬೇಕುಬೇಕಾದ ಮಾತನ್ನೆಲ್ಲ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದರು.

ಅವನು ಊಟ ನಿದ್ದೆ ಬಿಟ್ಟು ಕೂತು ಮಾತಾಡಿದ. "ನೀರು ಕೊಡು." "ಇಲ್ಲಿ ನೋಯ್ತಿದೆ." "ಯಾರದು ಬಾಗಿಲಲ್ಲಿ?" ಅಷ್ಟರಲ್ಲೇ ನಿಲ್ಲಿಸಲಿಲ್ಲ. "ಲೇ ಸೂಜಿ, ಮುಖ ಯಾಕೆ ಗಂಟು ಹಾಕ್ಕೊಂಡಿದ್ದೀಯ?" ಎಂಬುದನ್ನೂ ಹೇಳಿಟ್ಟ. ಸೂಜಿ ಅಂದರೆ ಹೆಂಡತಿ. ಚುಚ್ಚಿ ಮಾತಾಡುತ್ತಾಳೆಂದು ಅವನು ಇಟ್ಟ ಹೆಸರು. ಒಂದೊಂದು ಮಾತಿಗೂ ಪರದೆಯ ಮೇಲೆ ಒಂದೊಂದು ಚೌಕ. ಚೌಕದ ಮೇಲೆ ಅವನೇ ಒಂದೇ ಬೆರಳಲ್ಲಿ ಕುಟ್ಟಿ ಕನ್ನಡದಲ್ಲಿ ಹೆಸರು ಬರೆದಿದ್ದ. ಚೌಕ ಒತ್ತಿದರೆ ಅವನದೇ ದನಿ, ಅದೇ ಗತ್ತು. ಹಾಗೆ ಮೈಯೊಳಗಿನ ಧ್ವನಿಪೆಟ್ಟಿಗೆ ಹೋದ ಮೇಲೆ ಮೇಜಿನ ಮೇಲಿನದು ಉಳಿದಿತ್ತು.

ಕಂಪ್ಯೂಟರಿನ ಹತ್ತಿರ ಇಲ್ಲದಾಗ ಅವನು ತಟ್ಟುತ್ತಿದ್ದ. ಕಂಡಕ್ಟರರ ಲೆಕ್ಕ ಎಲ್ಲರಿಗೂ ಗೊತ್ತು. ಬಸ್ಸಿನ ಮೈಗೆ ಎರಡು ಸಲ ತಟ್ಟಿದರೆ ಹೊರಡು, ಒಂದು ಸಲ ತಟ್ಟಿದರೆ ನಿಲ್ಲು. ಮನೆಯಲ್ಲೂ ಅದೇ. ಎರಡು ಅಂದರೆ ಹೂಂ, ಒಂದು ಅಂದರೆ ಬೇಡ.

ಈಗ ಆ ಕಂಪ್ಯೂಟರಿಗೆ ಮುಪ್ಪು ಬಂದಿತ್ತು. ಒಳಗೆ ಯಾರೋ ಬಾಣಲೆ ಉಜ್ಜಿದಂತೆ ಕರ್ರೆನ್ನುತ್ತಿತ್ತು. ಇನ್ನು ಮುಂದೆ ಇದಕ್ಕೆ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ ಎಂದು ದಿನಾ ಬೆಳಿಗ್ಗೆ ಪರದೆಯ ಮೇಲೆ ಸೂಚನೆ ಬರುತ್ತಿತ್ತು. ಕಾಜಾ ಅಕ್ಕ ಅದನ್ನು ನೊಣ ಓಡಿಸಿದ ಹಾಗೆ ಓಡಿಸುತ್ತಿದ್ದಳು. ಒಂದು ದಿನ ಅವನು ಚೌಕ ಒತ್ತಿದ. "ಲೇ ಸೂ..." ಎಂದದ್ದೇ ಪರದೆ ಕಪ್ಪಾಯಿತು.

ಅವಳ ಕೈಯಲ್ಲಿದ್ದ ಅಂಗಿ ನೆಲಕ್ಕೆ ಬಿತ್ತು. ಸುಮಾರು ಹೊತ್ತಾದ ಮೇಲೆ ಕಂಪ್ಯೂಟರ್ ತಾನಾಗಿ ಕಣ್ಣು ಬಿಟ್ಟಿತು. ಆದರೆ ಅವಳ ಎದೆ ಮಾತ್ರ ನೆಟ್ಟಗಾಗಲಿಲ್ಲ.

ಆಗ ಬಂದವನು ಮೈದುನ. ಮನೆ ಮನೆಗೆ ವಾಟರ್ ಫಿಲ್ಟರ್ ಮಾರುವವನು. ಅವನ ಬಾಯಿಗೆ ಬೀಗವೂ ಇಲ್ಲ, ಬಾಗಿಲೂ ಇಲ್ಲ.

"ಅತ್ತಿಗೆ, ಇದು ಹೊರಟು ನಿಂತ ಗಾಡಿ. ಕಂಪನಿಯವರೇ ಕೈ ಎತ್ತಿದ್ದಾರೆ. ಮೇನ್ ರೋಡಿನ ಅಂಗಡೀಲಿ ಎಕ್ಸ್‌ಚೇಂಜ್ ಇದೆ. ಹಳೇದು ಕೊಡಿ, ಹೊಸದು ತಗೊಳ್ಳಿ, ಅಷ್ಟೇ."

"ಹೊಸದೂ ಇದೇ ಥರದ್ದಾ?"

"ಇದೇ ಥರದ್ದು ಬೇಕಂದ್ರೆ ಮನೆ ಮಾರ್ಬೇಕು. ಅದು ಬೇರೆ ಥರದ್ದು. ಅದರ ಆಪರೇಟಿಂಗ್ ಸಿಸ್ಟಂ ಬೇರೆ."

"ಮತ್ತೆ ಆಪರೇಷನ್ನಾ?" ಕಾಜಾ ಅಕ್ಕ ಬೆಚ್ಚಿಬಿದ್ದಳು.

"ಅಯ್ಯೋ, ಅದಲ್ಲ ಅತ್ತಿಗೆ! ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರು. ತೆಳ್ಳಗೆ ಹಗುರವಾಗಿ ಒಳ್ಳೇ ತಟ್ಟೆ ಇದ್ದಂಗಿದೆ, ನೋಡಿ ಬೇಕಾದ್ರೆ."

"ಅದರಲ್ಲಿ ನಿಮ್ಮಣ್ಣನ ಮಾತು ಬರುತ್ತಾ?"

"ಕಂಪ್ಯೂಟರ್ ಅಂದ್ಮೇಲೆ ಎಲ್ಲಾ ಬರುತ್ತೆ. ಅಂಗಿ ಬದಲಾಯಿಸಿದ್ರೆ ಒಳಗಿರೋ ಆಳು ಬದಲಾಗ್ತಾನಾ?"

ಒಂದು ಅಂಗಿಯ ಗುಂಡಿ ಇನ್ನೊಂದು ಅಂಗಿಯ ಕಾಜಾಕ್ಕೆ ಹಿಡಿಸುವುದಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಆದರೆ ಹೇಳಲಿಲ್ಲ. ಕಂಡಕ್ಟರ್ ಮೇಜಿಗೆ ಒಂದು ಸಲ ತಟ್ಟಿದ.

"ಅಣ್ಣ ಹೆದರ್ತಾನೆ," ಎಂದು ನಕ್ಕ ಮೈದುನ. "ಬಸ್ ಓಡಿಸೋರು ಹೆದರಬಾರದಪ್ಪಾ."

"ಓಡಿಸ್ತಿದ್ದೋನು ಡ್ರೈವರ್ರು, ಇವರಲ್ಲ," ಎಂದಳು ಕಾಜಾ ಅಕ್ಕ. ಅಂದರೂ ಒಪ್ಪಿಬಿಟ್ಟಳು. ಹೆದರಿಕೆಗೆ ಕಣ್ಣು ಮಂಜು, ಕಾಲು ಮಾತ್ರ ಚುರುಕು. ಈ ಪೆಟ್ಟಿಗೆ ನಾಳೆ ಕಣ್ಣು ಬಿಡದಿದ್ದರೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಮೈದುನ ಪೆನ್‌ಡ್ರೈವ್ ಸಿಕ್ಕಿಸಿದ. ಪರದೆಯ ಮೇಲಿದ್ದ 'ಮಾತಿನ ಹಲಗೆ' ಎಂಬ ಪುಟ್ಟ ಚಿತ್ರವನ್ನು ಎಳೆದು ಅದರೊಳಗೆ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

"ಇಷ್ಟೇನಾ? ಅದನ್ನ ತುಂಬಿಸೋಕೆ ಅವರು ಎಷ್ಟು ದಿನ ಬಾಯಿ ಒಣಗಿಸಿಕೊಂಡಿದ್ರು!"

"ಅದಕ್ಕೇ ಅತ್ತಿಗೆ ಟೆಕ್ನಾಲಜಿ ಅನ್ನೋದು."

ಹಳೆಯದು ಅಂಗಡಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹೊಸದು ಮೇಜಿನ ಮೇಲೆ ಕೂತಿತು. ಕಂಡಕ್ಟರ್ ಎದುರಿಗೆ ಕುರ್ಚಿ ಎಳೆದುಕೊಂಡ. ಮೈದುನ ಪೆನ್‌ಡ್ರೈವ್ ತೆರೆದ. ಅಲ್ಲಿ ಬಿಳಿ ಹಾಳೆಯಂಥ ಒಂದು ಖಾಲಿ ಚಿತ್ರ ಮಾತ್ರ ಇತ್ತು. ಕಂಡಕ್ಟರ್ ಅದನ್ನು ಒತ್ತಿದ. ಇದನ್ನು ತೆರೆಯಲಾಗದು ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಇನ್ನೊಮ್ಮೆ ಒತ್ತಿದ. ಅದೇ ಉತ್ತರ. ಅವನ ಬೆರಳು ನಿಲ್ಲಲೇ ಇಲ್ಲ. ಒತ್ತಿದ, ಒತ್ತಿದ, ಒತ್ತಿದ. ಕೊನೆಗೆ ಕೈ ಮೇಜಿಗೆ ಇಳಿಯಿತು. ಒಂದು ಸಲ ತಟ್ಟಿತು. ಬಿಟ್ಟು ಮತ್ತೆ ಒಂದು ಸಲ.

ಮೈದುನನ ಬಾಯಿಗೆ ಮೊದಲ ಸಲ ಬೀಗ ಬಿತ್ತು.

ಕಾಜಾ ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಎರಡು ಮನೆ ಆಚೆ ಲೈಬ್ರರಿ ಮೇಡಂ ಇದ್ದಳು. ಲೈಬ್ರರಿಯ ಕಂಪ್ಯೂಟರ್ ಕೋಣೆಯಲ್ಲಿ ಊರಿನವರಿಗೆಲ್ಲ ಕಂಪ್ಯೂಟರ್ ಹೇಳಿಕೊಡುವ ಹುಡುಗಿ. ತಾರಸಿಯಲ್ಲಿ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಬಟ್ಟೆ ಒಣಹಾಕುತ್ತಿದ್ದಳು.

"ಮೇಡಂ, ಇವರ ದನಿ ಹೋಯ್ತು!"

ಕ್ಲಿಪ್ಪು ಉದುರಿತು. "ಏನಾಯ್ತು ಅಕ್ಕಾ, ಆಸ್ಪತ್ರೆಗೆ ಫೋನ್ ಮಾಡ್ಲಾ?"

"ಆಸ್ಪತ್ರೆಯವರು ತಗೊಂಡಿದ್ದು ಆವತ್ತೇ ತಗೊಂಡ್ರು. ಇದು ಪೆಟ್ಟಿಗೇಲಿ ಉಳಿದಿತ್ತಲ್ಲ, ಅದು!"

ಮೇಡಂ ಬಂದು ಪೆನ್‌ಡ್ರೈವ್ ನೋಡಿದಳು. ನೋಡುತ್ತಿದ್ದಂತೆ ಹುಬ್ಬು ಗಂಟಾಯಿತು.

"ಇದು ಬರೀ ಶಾರ್ಟ್‌ಕಟ್ ಅಕ್ಕಾ. ಮನೆ ತರ್ತೀವಿ ಅಂತ ಹೋಗಿ ಬಾಗಿಲ ಮೇಲಿದ್ದ ಹೆಸರಿನ ಬೋರ್ಡು ಕಿತ್ಕೊಂಡು ಬಂದಿದ್ದೀರಿ. ಮನೆ ಅಲ್ಲೇ ಇದೆ. ಹಳೇ ಕಂಪ್ಯೂಟರ್ ಎಲ್ಲಿ?"

"ಎಕ್ಸ್‌ಚೇಂಜಿಗೆ ಕೊಟ್ವಿ," ಎಂದ ಮೈದುನ, ನೆಲ ನೋಡುತ್ತ.

"ಅವರು ಅದನ್ನ ಮೊದಲು ಅಳಿಸ್ತಾರೆ. ನಡೀರಿ, ನಡೀರಿ!"

ಅಂಗಡಿಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಪೆನ್‌ಡ್ರೈವನ್ನೂ ಹೊಸ ಕಂಪ್ಯೂಟರನ್ನೂ ಎತ್ತಿಕೊಂಡು ನಾಲ್ವರೂ ಆಟೋ ಹತ್ತಿದರು. ಸಿಗ್ನಲ್ಲಿನಲ್ಲಿ ಕೆಂಪು ದೀಪ. ಅದು ಹಸಿರಾಗುವುದನ್ನೇ ಮರೆತಂತಿತ್ತು. ಕಾಜಾ ಅಕ್ಕನ ಕಿವಿಯಲ್ಲಿ ಅರ್ಧಕ್ಕೆ ಕಡಿದ ಆ "ಲೇ ಸೂ..." ತಿರುಗುತ್ತಿತ್ತು. ಉಳಿದರ್ಧ ಇನ್ನು ಯಾವತ್ತೂ ಬರದಿದ್ದರೆ? ನಾಳೆ ತಾನು ಸುಮ್ಮನೆ ಮುಖ ಗಂಟು ಹಾಕಿಕೊಂಡರೆ ಕೇಳುವವರು ಯಾರು? ಅವಳು ಗಂಡನ ಕಡೆ ತಿರುಗಲಿಲ್ಲ. ತಿರುಗಿದರೆ ಅವನ ಮುಖದಲ್ಲೂ ಅದೇ ಕಂಡೀತೆಂದು ಹೆದರಿದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೇ ಕಂಪ್ಯೂಟರುಗಳು ಒಂದರ ಮೇಲೊಂದು ಬಿದ್ದಿದ್ದವು. ತಮ್ಮದನ್ನು ಅವಳು ದೂರದಿಂದಲೇ ಗುರುತು ಹಿಡಿದಳು. ಅದರ ಹೊಟ್ಟೆ ಬಗೆದಿದ್ದರು. ಒಳಗಿನ ಡಿಸ್ಕನ್ನು ಹೊರಗೆ ತೆಗೆದು ವೈರಿನಿಂದ ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದ್ದರು. ಅಂಗಡಿಯಾತನ ಕೈ ಮೌಸಿನ ಮೇಲಿತ್ತು.

ಕಾಜಾ ಅಕ್ಕ ಕೂಗಬೇಕೆಂದುಕೊಂಡಳು. ಅಷ್ಟರಲ್ಲಿ ಅವಳ ಹಿಂದಿನಿಂದ ತಗಡಿನ ಬಾಗಿಲಿಗೆ ಒಂದು ಏಟು ಬಿತ್ತು. ಢಣ್! ಒಂದೇ ಒಂದು.

ದಿನಾ ಬಸ್ಸಿನಲ್ಲಿ ಓಡಾಡುವ ಅಂಗಡಿಯಾತನ ಕೈ ತಾನಾಗಿ ನಿಂತಿತು.

"ಏನ್ರೀ? ಎದೆ ಒಡೆದುಹೋಯ್ತಲ್ಲ!"

"ಅಳಿಸಿಬಿಟ್ರಾ?" ಎಂದಳು ಮೇಡಂ.

"ಇಲ್ಲ, ಈಗ ಒತ್ತೋನಿದ್ದೆ. ಆದ್ರೆ ಇದರಲ್ಲಿ ಏನೂ ಉಳಿದಿಲ್ಲ ಬಿಡಿ. ಎಲ್ಲಾ ಕರಪ್ಟ್ ಆಗಿದೆ. ನೀವೇ ನೋಡಿ."

ಪರದೆ ತಿರುಗಿಸಿದ. ಕಾಜಾ ಅಕ್ಕ ನೋಡಿದಳು. ಗಂಡ ಒಂದೇ ಬೆರಳಲ್ಲಿ ಕುಟ್ಟಿದ್ದ ಹೆಸರು ಒಂದೂ ಇರಲಿಲ್ಲ. ಸಾಲುಸಾಲಾಗಿ ಇಂಗ್ಲಿಷ್ ಅಕ್ಷರಗಳು, ಒಂದರ ತಲೆಗೆ ಕೊಂಬು, ಒಂದರ ಬುಡಕ್ಕೆ ಬಾಲ, ಒಂದಕ್ಕೆ ಎರಡು ಚುಕ್ಕಿ ಕಣ್ಣು. ಮನುಷ್ಯರೆಲ್ಲ ಖಾಲಿ ಮಾಡಿದ ಮನೆಗೆ ಪಿಶಾಚಿಗಳು ಬಂದು ಸೇರಿಕೊಂಡ ಹಾಗೆ. ಅವಳು ಅಲ್ಲೇ ರಟ್ಟಿನ ಡಬ್ಬದ ಮೇಲೆ ಕೂತುಬಿಟ್ಟಳು.

"ಅಳಿಸಿಬಿಡಿ," ಎಂದಳು ಸಣ್ಣಗೆ. "ಅವರ ದನಿ ಈ ವೇಷದಲ್ಲಿರೋದು ಬೇಡ."

"ತಡೀರಿ ಅಕ್ಕಾ," ಎಂದು ಮೇಡಂ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಅಣ್ಣಾ, ನೀವು ಹೆಸರು ಟೈಪ್ ಮಾಡಿದ್ದು ಹಳೇ ಕಾಲದ ಕನ್ನಡ ಫಾಂಟಲ್ಲಾ?"

ಕಂಡಕ್ಟರ್ ಬಾಗಿಲಿಗೆ ಎರಡು ಸಲ ತಟ್ಟಿದ.

"ಹಾಗಿದ್ರೆ ಇದು ಕೆಟ್ಟಿಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಮುಖಕ್ಕೇ ಕನ್ನಡದ ಮುಖವಾಡ ಕಟ್ಟಿ ತೋರಿಸ್ತಿದ್ವು. ಮುಖವಾಡ ನಿಮ್ಮ ಕಂಪ್ಯೂಟರಲ್ಲಿತ್ತು, ಇಲ್ಲಿಲ್ಲ. ಅದಕ್ಕೇ ಒಳಗಿನ ಮುಖ ಕಾಣ್ತಿದೆ. ಕೊಂಬು, ಬಾಲ ಎಲ್ಲಾ ಹೆಸರಿಗೆ ಮಾತ್ರ. ಒಳಗಿನ ದನಿಗೆ ಏನೂ ಆಗಿರಲ್ಲ, ಇರಿ."

ಅವಳು ಕೊಂಬಿನ ಸಾಲೊಂದನ್ನು ಒತ್ತಿದಳು. ಅಂಗಡಿಯ ದೊಡ್ಡ ಸ್ಪೀಕರಿನಿಂದ ದನಿ ಸಿಡಿಯಿತು.

"ಮುಂದೆ ಹೋಗಿ ಸ್ವಾಮಿ, ಮುಂದೆ! ಬಾಗಿಲಲ್ಲೇ ನಿಂತು ಯಾರ ದಾರಿ ಕಾಯ್ತಿದ್ದೀರಿ?"

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಗಿರಾಕಿಯೊಬ್ಬ ಗಡಬಡಿಸಿ ಎರಡು ಹೆಜ್ಜೆ ಮುಂದೆ ಬಂದ. "ಸಾರಿ ಸಾರಿ," ಎಂದ, ಯಾರಿಗೆಂದು ತಿಳಿಯದೆ. ಅಂಗಡಿಯಾತ ಮೊದಲು ನಕ್ಕ, ಆಮೇಲೆ ಮೈದುನ. ಕಾಜಾ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಮೇಡಂ ಡಿಸ್ಕಿನಲ್ಲಿದ್ದ ದನಿಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಸಿದಳು. ಈ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಲಿಲ್ಲ. ಡಿಸ್ಕು ನಡುನಡುವೆ ಕಟ್ಟಿಕೊಂಡು ಕೆಮ್ಮುತ್ತಿತ್ತು. ಅದು ಕೆಮ್ಮಿದಾಗಲೆಲ್ಲ ಕಾಜಾ ಅಕ್ಕ ಉಸಿರು ಹಿಡಿಯುತ್ತಿದ್ದಳು.

"ಆ ತಟ್ಟೆ ವಾಪಸ್ ತಗೊಳ್ಳಿ," ಎಂದಳು ಅವಳು ಅಂಗಡಿಯಾತನಿಗೆ. "ನಮ್ಮ ಹಳೇದನ್ನ ಮತ್ತೆ ಜೋಡಿಸಿ ಕೊಡಿ. ನಂಗೆ ಹೊಸದೇ ಬೇಡ."

"ಅಕ್ಕಾ, ಅದರ ಕೆಮ್ಮು ಕೇಳಿದ್ರಲ್ಲ. ಅದಕ್ಕೆ ಅಪ್‌ಡೇಟಿನ ಕಾವಲೂ ಇಲ್ಲ, ಆಯಸ್ಸೂ ಇಲ್ಲ," ಎಂದಳು ಮೇಡಂ. "ಬದಲಾಯಿಸ್ಲೇಬೇಕು. ಕಂಪ್ಯೂಟರ್ ನೋಡೋಕೆ ಮುಂಚೆ ನಮ್ಮ ಕೆಲಸ ಏನು ಅಂತ ನೋಡೋಣ. ಅಣ್ಣಾ, ನೀವು ಹೇಳಿ. ಹೊರಗೆ ಹೋಗುವಾಗ ಒಯ್ಯಬೇಕಾ?"

ತಟ್ ತಟ್.

"ಇಂಟರ್ನೆಟ್ ಇಲ್ಲದ ಕಡೆಯೂ ಮಾತಾಡ್ಬೇಕಾ?"

ತಟ್ ತಟ್, ಜೋರಾಗಿ.

"ಗೇಮ್ ಆಡ್ತೀರಾ? ಸಿನಿಮಾ ಎಡಿಟಿಂಗ್ ಮಾಡ್ತೀರಾ?"

ತಟ್.

"ಅತ್ತಿಗೆ ಬೈದ್ರೆ ತಿರುಗಿ ಬೈಯೋಕೆ ದೊಡ್ಡ ಸ್ಪೀಕರ್ ಬೇಕಾ?" ಎಂದು ಮೈದುನ ನಡುವೆ ಬಾಯಿ ಹಾಕಿದ.

ತಟ್ ತಟ್ ತಟ್ ತಟ್.

ಅಂಗಡಿಯಾತ ಗಾಜಿನ ಕಪಾಟಿನಿಂದ ಹೊಳೆಯುವುದೊಂದನ್ನು ತೆಗೆದ. ಮೇಡಂ ತಲೆಯಾಡಿಸಿದಳು. ಅದರ ಅರ್ಧ ಬೆಲೆ ಇವರು ಎಂದೂ ಮಾಡದ ಕೆಲಸಕ್ಕೆ. ಮೈದುನ ತಂದಿದ್ದ ತೆಳ್ಳನೆಯದೂ ಬೇಡವೆಂದಳು. ಅದರ ಹೊಟ್ಟೆಯಲ್ಲಿ ಜಾಗ ಕಡಿಮೆ, ಇಂಟರ್ನೆಟ್ ಹೋದರೆ ಹೆಚ್ಚಿನ ಕೆಲಸವೆಲ್ಲ ನಿಲ್ಲುತ್ತದೆ. ಓದುವ ಮಕ್ಕಳಿಗೆ ಅದು ಸಾಕು, ಇವರಿಗೆ ಆಗದು. ಆಮೇಲೆ ಮೂಲೆಯ ಶೆಲ್ಫಿನಿಂದ ದಪ್ಪನೆಯ ಕಪ್ಪು ಲ್ಯಾಪ್‌ಟಾಪೊಂದನ್ನು ಇಳಿಸಿದಳು. ಯಾವುದೋ ಆಫೀಸಿನಲ್ಲಿ ದುಡಿದು ಬಂದದ್ದು. ಅಂಗಡಿಯವರೇ ಹೊಸ ಡಿಸ್ಕು, ಹೊಸ ಬ್ಯಾಟರಿ ಹಾಕಿ, ಗ್ಯಾರಂಟಿ ಬರೆದುಕೊಟ್ಟು ಮಾರುತ್ತಿದ್ದರು. ಪುಕ್ಕಟೆಯಾಗಿ ಸಿಗುವ ಆಪರೇಟಿಂಗ್ ಸಿಸ್ಟಂ ಅದರಲ್ಲಿತ್ತು. ಅದಕ್ಕೆ ಸುರಕ್ಷತೆಯ ಅಪ್‌ಡೇಟ್ ಇನ್ನೂ ಬರುತ್ತಿತ್ತು.

"ಒಂದು ಹಳೇದನ್ನ ಬಿಟ್ಟು ಇನ್ನೊಂದು ಹಳೇದಾ?" ಕಾಜಾ ಅಕ್ಕನ ಮುಖ ಹುಳ್ಳಗಾಯಿತು. "ಅದೂ ಬೇರೆ ಥರದ್ದು. ಇದರಲ್ಲಿ ಮಾತಿನ ಹಲಗೆ ನಡೆಯುತ್ತಾ?"

"ಆ ಹಲಗೆ ನಡೆಯಲ್ಲ."

"ಮತ್ತೆ?"

"ನಿಮ್ಮ ಕೆಲಸದ ಮಾತಲ್ಲೇ ಹೇಳ್ತೀನಿ. ಪ್ರೋಗ್ರಾಂ ಅನ್ನೋದು ಗುಂಡಿ, ಆಪರೇಟಿಂಗ್ ಸಿಸ್ಟಂ ಅನ್ನೋದು ಕಾಜಾ. ಅಂಗಿ ಬದಲಾದ್ರೆ ಗುಂಡಿಯೂ ಬದಲಾಗ್ಬೇಕು. ಇದಕ್ಕೆ ಹೊಂದೋ ಬೇರೆ ಮಾತಿನ ಹಲಗೆ ಪುಕ್ಕಟೆ ಸಿಗುತ್ತೆ, ನಾನು ಹಾಕಿಕೊಡ್ತೀನಿ. ಆದ್ರೆ ಅಣ್ಣನ ದನಿ ಗುಂಡಿಯೂ ಅಲ್ಲ, ಕಾಜಾನೂ ಅಲ್ಲ, ಬಟ್ಟೆ. ಅದು ಎಲ್ಲಿ ಬೇಕಾದ್ರೂ ನಡೆಯುತ್ತೆ."

ಕಾಜಾ ಅಕ್ಕ ಅಂಗಡಿಯಾತನ ಕಡೆ ತಿರುಗಿದಳು. "ಬಾಯಲ್ಲಿ ಹೇಳಿದ್ದನ್ನ ನಾನು ಇನ್ನು ನಂಬಲ್ಲಪ್ಪ. ನಮ್ಮ ಪೆನ್‌ಡ್ರೈವ್ ಹಾಕಿ ತೋರಿಸಿ."

"ಎಲ್ಲರೂ ಹೀಗೆ ಹಾಕಿ ನೋಡ್ತಾ ಕೂತ್ರೆ ನಾವು ವ್ಯಾಪಾರ ಮಾಡಿದ ಹಾಗೇ."

"ಚಪ್ಪಲಿ ಅಂಗಡೀಲಿ ಹಾಕಿ ನೋಡದೆ ತಗೋತೀರಾ?" ಎಂದಳು. ಬರಿಗಾಲಲ್ಲೇ ನಿಂತಿದ್ದಳು ಪಾಪ. ಅಂಗಡಿಯಾತ ಅವಳ ಕಾಲು ನೋಡಿ ಪೆನ್‌ಡ್ರೈವಿಗೆ ಕೈ ಚಾಚಿದ.

ಅಲ್ಲೇ ನಿಂತು ಎಲ್ಲವನ್ನೂ ನೋಡಿದರು. ದನಿ ಕೇಳಿಸಿತು. ಇಂಟರ್ನೆಟ್ ತೆಗೆಸಿದರು, ಆಗಲೂ ಕೇಳಿಸಿತು. ಚಾರ್ಜರಿನ ವೈರು ಕಿತ್ತರು, ಲ್ಯಾಪ್‌ಟಾಪ್ ಆರಲಿಲ್ಲ. ಕಂಡಕ್ಟರ್ ಒಂದೇ ಬೆರಳಲ್ಲಿ ಕನ್ನಡದಲ್ಲಿ 'ಸೂಜಿ' ಎಂದು ಕುಟ್ಟಿದ. ಈಗಿನ ಯುನಿಕೋಡ್ ಅಕ್ಷರದಲ್ಲಿ ಅದು ಸೂಜಿಯಾಗಿಯೇ ಮೂಡಿತು; ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೂ ಕೊಂಬು ಬಾಲ ಬರಲಿಲ್ಲ. ಆಮೇಲಷ್ಟೇ ಕಾಜಾ ಅಕ್ಕ ಪರ್ಸು ತೆರೆದಳು. ತೆಳ್ಳನೆಯದನ್ನು ಅಂಗಡಿಯಾತ ವಾಪಸ್ ಪಡೆದ. ಹಳೇ ಕಂಪ್ಯೂಟರನ್ನು ಅವಳು ಎಕ್ಸ್‌ಚೇಂಜಿಗೆ ಬಿಡಲಿಲ್ಲ, ಡಿಸ್ಕಿನ ಸಮೇತ ಮಗುವಿನಂತೆ ಎತ್ತಿಕೊಂಡು ಆಟೋ ಹತ್ತಿದಳು.

ಮುಂದೆ ಕೆಲವು ಸಂಜೆ ಮೇಡಂ ಬಂದು ಕೂತಳು. ಹಳೇ ಫಾಂಟಿನ ಹೆಸರುಗಳನ್ನು ಯುನಿಕೋಡಿಗೆ ಬದಲಾಯಿಸಿದಳು. ಹೊಸ ಹಲಗೆಯಲ್ಲಿ ಚೌಕಗಳು ಒಂದೊಂದಾಗಿ ಎದ್ದವು. ಒಂದೊಂದನ್ನೂ ಕಂಡಕ್ಟರ್ ಒತ್ತಿ ಕೇಳಿ, ಸರಿಯಿದ್ದರೆ ಎರಡು ಸಲ ತಟ್ಟಿದ. ದನಿಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಯಲ್ಲಿ ಉಳಿಯಿತು, ಇನ್ನೊಂದು ಆಸ್ಪತ್ರೆಯ ತರಬೇತಿಯವರ ಹತ್ತಿರ ಹೋಯಿತು.

"ಅತ್ತಿಗೆ, ನನ್ನ ಮೇಲೆ ಸಿಟ್ಟಿದೆಯಾ?" ಎಂದು ಮೈದುನ ಬಾಗಿಲಲ್ಲೇ ನಿಂತು ಕೇಳಿದ.

ಅವಳು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಒಂದು ಚೌಕ ಒತ್ತಿದ. "ಟಿಕೆಟ್ ತಗೊಳ್ಳದೋರು ಇಳೀರಿ!"

ಎಲ್ಲರೂ ನಕ್ಕರು. ಕಂಡಕ್ಟರನ ಭುಜವೂ ಕುಲುಕಿತು, ಸದ್ದಿಲ್ಲದೆ. ಅವನು ಇನ್ನೊಂದು ಚೌಕದತ್ತ ಬೆರಳು ಒಯ್ದ. 'ನಗು' ಎಂದು ಅದರ ಹೆಸರು, ಎಲ್ಲಕ್ಕೂ ಕೊನೆಗೆಂದು ಅವನು ಇನ್ನೂ ಒತ್ತದೆ ಉಳಿಸಿಕೊಂಡಿದ್ದ ಒಂದೇ ಚೌಕ. ಆಪರೇಷನ್ನಿನ ಹಿಂದಿನ ದಿನ, ಮೈಕಿನ ಮುಂದೆ ಕೂತು, ಹೆಂಡತಿಯ ಮುಖ ನೋಡಿ ನಕ್ಕು ತುಂಬಿಸಿಟ್ಟ ನಗು ಅದು. ಒತ್ತಿದ. ಕರ್ರ್ ಎಂದು ಒಂದು ಸದ್ದು ಬಂತು, ಅಷ್ಟೇ.

ಮೇಡಂ ಹಳೇ ಡಿಸ್ಕನ್ನು ಮತ್ತೆ ಜೋಡಿಸಿ ಹುಡುಕಿದಳು. ಗೊತ್ತಿದ್ದ ದಾರಿಯನ್ನೆಲ್ಲ ಹಿಡಿದು ನೋಡಿದಳು. ಡಿಸ್ಕಿನಲ್ಲಿ ಆ ಒಂದು ಜಾಗ ಆಗಲೇ ಸತ್ತುಹೋಗಿತ್ತು. ಉಳಿದ ಮಾತೆಲ್ಲ ಬಂದಿತ್ತು, ನಗು ಬರಲಿಲ್ಲ.

"ಅಪ್‌ಡೇಟ್ ಬರಲ್ಲ ಅನ್ನೋ ಆ ಸೂಚನೆ ಮೊದಲು ಬಂದಾಗಲೇ ನಿಮ್ಮ ಹತ್ರ ಬಂದಿದ್ರೆ ಸಿಗ್ತಿತ್ತಾ ಮೇಡಂ?" ಎಂದು ಕೇಳಿದಳು ಕಾಜಾ ಅಕ್ಕ.

ಮೇಡಂ ಸುಳ್ಳು ಹೇಳಲಿಲ್ಲ. "ಸಿಗ್ತಿತ್ತೇನೋ ಅಕ್ಕಾ."

ಕಂಡಕ್ಟರ್ ಹೆಂಡತಿಯ ಕೈ ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡ. ಇನ್ನೊಮ್ಮೆ ನಕ್ಕ. ಅಂಗೈಗೆ ಅದು ಸಿಕ್ಕಿತು. ಕಿವಿಗೆ ಸಿಗಲಿಲ್ಲ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಳೇ ಕಂಪ್ಯೂಟರಿನೊಳಗೂ ಏನೋ ಇದೆ. ಮಗುವಿನ ಮೊದಲ ಹೆಜ್ಜೆಯೋ, ಮಗಳ ಓದಿನ ಕೆಲಸವೋ, ತೀರಿಹೋದವರ ಫೋಟೋವೋ. ಅದು ಕೆಮ್ಮುವವರೆಗೂ ಕಾಯಬೇಡಿ. ಬೇರೆ ಥರದ್ದಕ್ಕೆ ಬದಲಾಯಿಸುವುದಕ್ಕೆ ಹೆದರಬೇಡಿ, ಕಡಿಮೆ ಬೆಲೆಯದ್ದು ಅಂತ ನಾಚಬೇಡಿ. ಆದರೆ ನಿಮ್ಮ ಕೆಲಸ ಏನೆಂದು ಮೊದಲು ನೀವೇ ಕೇಳಿಕೊಳ್ಳಿ, ಆ ಕೆಲಸಕ್ಕೆ ತಕ್ಕ ಪ್ರೋಗ್ರಾಂ ಹೊಸದರಲ್ಲಿ ಸಿಗುತ್ತದೆಯೇ ಎಂದು ಆಮೇಲೆ ಅಂಗಡಿಯವನನ್ನು ಕೇಳಿ. ನಿಮ್ಮದೇ ಕಡತವನ್ನು ಅಲ್ಲೇ ಹಾಕಿಸಿ, ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ, ಆಮೇಲೆ ದುಡ್ಡು ಕೊಡಿ. ಕನ್ನಡ ಅಕ್ಷರ ಕೊಂಬು ಬಾಲ ತೋರಿಸಿದರೆ ಕೆಟ್ಟಿತೆಂದು ಅಳಿಸಬೇಡಿ, ತಿಳಿದವರಿಗೆ ತೋರಿಸಿ. ಎಲ್ಲವೂ ಹೊಸದರಲ್ಲಿ ತೆರೆಯುವವರೆಗೂ ಹಳೆಯದನ್ನು ಯಾರ ಕೈಗೂ ಕೊಡಬೇಡಿ.

ಇದಕ್ಕೆಲ್ಲ ಮೊದಲು, ಇವತ್ತೇ, ಒಂದು ಪ್ರತಿ ತೆಗೆದಿಡಿ. ತೆಗೆದಿಟ್ಟದ್ದನ್ನು ಒಮ್ಮೆ ತೆರೆದು ನೋಡಿ.